ಮಗು ಮಲಗಿದಾಗ ಬರೆಯುವುದಾ, ನಾವೂ ಮಲಗುವುದಾ?

ಅರ್ಧಕತೆ · ಮಂಗಳವಾರ, ಮಧ್ಯಾಹ್ನ 2:10

ಮೊದಲೇ ಹೇಳಿಬಿಡುತ್ತೇನೆ, ಇದು ಸ್ವಲ್ಪ ಗೋಳಿನ ಪೋಸ್ಟ್.

ದೊಡ್ಡವನಿಗೆ ನಾಲ್ಕೂವರೆ ವರ್ಷ, ಚಿಕ್ಕವಳಿಗೆ ಹದಿನಾಲ್ಕು ತಿಂಗಳು. ಮನೆ ಬೆಂಗಳೂರಿನ ನಾಗರಬಾವಿ ಕಡೆ. ಮದುವೆಗೆ ಮುಂಚೆ, ಆಮೇಲೂ ಒಂದೆರಡು ವರ್ಷ, ಕತೆ ಬರೆಯುತ್ತಿದ್ದೆ. ಏಳು ಕತೆ ಅಚ್ಚಾಗಿವೆ. ಒಂದಕ್ಕೆ ಬಹುಮಾನವೂ ಬಂದಿತ್ತು. ಎಂಟನೆಯದು ಮೂರು ವರ್ಷದಿಂದ ಒಂದೇ ಕಡೆ ನಿಂತಿದೆ. ಒಬ್ಬ ಅಜ್ಜ ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾ ಕೂತಿದ್ದಾನೆ. ಪಾಪ, ಇನ್ನೂ ರೈಲು ಬಂದಿಲ್ಲ.

ಟೈಮ್ ಇಲ್ಲ ಅಂದರೆ ಪೂರ್ತಿ ನಿಜ ಅಲ್ಲ. ಒಂದೂವರೆಗೆ ಚಿಕ್ಕವಳು ಮಲಗುತ್ತಾಳೆ. ದೊಡ್ಡವನ ಪ್ಲೇಹೋಮ್ ವ್ಯಾನ್ ಬರುವುದು ಎರಡೂವರೆಗೆ. ಲೆಕ್ಕಕ್ಕೆ ಒಂದು ಗಂಟೆ. ಆದರೆ ಹಿಂದೆ ಬರೆದದ್ದು ಓದಿ, ಎಲ್ಲಿ ನಿಲ್ಲಿಸಿದ್ದೆ ಅಂತ ನೆನಪು ಮಾಡಿಕೊಂಡು, ಅಜ್ಜನ ಪಕ್ಕ ಬೆಂಚಿನ ಮೇಲೆ ಕೂರುವಷ್ಟರಲ್ಲಿ ಗುಜರಿಯವನು ಮೈಕ್‌ನಲ್ಲಿ "ಹಳೇ ಪೇಪರ್, ಹಳೇ ಕಬ್ಣಾ" ಅಂತ ಬರುತ್ತಾನೆ. ಇವಳು ಎದ್ದಳು. ಮುಗಿಯಿತು.

ಗಂಡ ಕೆಟ್ಟವರಲ್ಲ. "ಬರಿ, ಯಾರು ಬೇಡ ಅಂದ್ರು?" ಅನ್ನುತ್ತಾರೆ. ಯಾರೂ ಬೇಡ ಅನ್ನದೇ ಇರುವುದೇ ನನ್ನ ಕಷ್ಟ. ಬೇಡ ಅಂದಿದ್ದರೆ ಜಗಳ ಆಡಬಹುದಿತ್ತು.

ಮಕ್ಕಳಿಟ್ಟುಕೊಂಡು ಬರೆಯುವವರು ಇಲ್ಲಿ ಯಾರಾದರೂ ಇದ್ದೀರಾ? ಹೇಗೆ ಮಾಡುತ್ತೀರಿ?

ಎರಡುಜಡೆ · ಮಂಗಳವಾರ, ಮಧ್ಯಾಹ್ನ 2:31

ಮಲಗಿ ರೀ. ಅಜ್ಜ ಕಾಯ್ತಾನೆ. ಹದಿನಾಲ್ಕು ತಿಂಗಳ ಕೂಸು ಇರುವ ಮನೆಯಲ್ಲಿ ನಿದ್ದೆಗಿಂತ ದೊಡ್ಡ ಸಾಹಿತ್ಯ ಇಲ್ಲ.

ಬೆಳ್ಳಿಚುಕ್ಕಿ · ಮಂಗಳವಾರ, ರಾತ್ರಿ 9:05

ನಾನು ಇಬ್ಬರು ಮಕ್ಕಳ ಅಪ್ಪ. ಸಾಫ್ಟ್‌ವೇರ್ ಕೆಲಸ, ಹೊತ್ತಿಲ್ಲ ಗೊತ್ತಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತೇನೆ. ಆರೂವರೆವರೆಗೆ ಬರೆಯುತ್ತೇನೆ. ಫೋನ್ ಬೇರೆ ರೂಮಿನಲ್ಲಿ. ಒಂದೂವರೆ ವರ್ಷಕ್ಕೆ ಕಾದಂಬರಿ ಮುಗಿಯಿತು, ಪುಸ್ತಕವೂ ಆಯಿತು. ಶಿಸ್ತು ಇದ್ದರೆ ಎಲ್ಲ ಆಗುತ್ತದೆ. ಮೊದಲ ಇಪ್ಪತ್ತು ದಿನ ಕಷ್ಟ, ಆಮೇಲೆ ಅಭ್ಯಾಸ ಆಗುತ್ತದೆ.

ಧಾರವಾಡದಾಕಿ · ಮಂಗಳವಾರ, ರಾತ್ರಿ 9:12

ಬೆಳ್ಳಿಚುಕ್ಕಿ ಸರ್, ಒಂದೇ ಪ್ರಶ್ನೆ. ಐದು ಗಂಟೆಗೆ ಕೂಸು ಎದ್ದು ಅತ್ತರೆ ಯಾರು ಏಳುತ್ತಾರೆ?

ಬೆಳ್ಳಿಚುಕ್ಕಿ · ಮಂಗಳವಾರ, ರಾತ್ರಿ 9:40

ಹೆಂಡತಿ.

ಸರಿ. ಅರ್ಥ ಆಯಿತು.

ಧಾರವಾಡದಾಕಿ · ಮಂಗಳವಾರ, ರಾತ್ರಿ 9:58

ಸಿಟ್ಟಾಗಬೇಡಿ ಸರ್, ಕಾಲು ಎಳೆಯಲಿಕ್ಕೆ ಕೇಳಲಿಲ್ಲ. ನಾನೂ ಐದು ಗಂಟೆ ಪ್ರಯೋಗ ಮಾಡಿ ನೋಡಿದವಳೇ. ನಾನು ಮಗ್ಗುಲಿನಿಂದ ಎದ್ದರೆ ಸಾಕು, ಹಾಸಿಗೆಯ ಆ ಜಾಗ ತಣ್ಣಗಾದದ್ದು ಮಗಳಿಗೆ ಹತ್ತೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ತಲೆದಿಂಬಿಗೆ ನನ್ನ ಹಳೆ ಸೀರೆ ಸುತ್ತಿ ಇಟ್ಟು ನೋಡಿದೆ. ಎರಡು ದಿನ ನಡೆಯಿತು. ಮೂರನೇ ದಿನ ದಿಂಬು ಎಳೆದುಕೊಂಡೇ ಅಡಿಗೆಮನೆಗೆ ಬಂದಳು.

ಹಾಲಿನಲೆಕ್ಕ · ಬುಧವಾರ, ಬೆಳಿಗ್ಗೆ 6:20

ಮಗಳೇ ಅರ್ಧಕತೆ, ನನಗೆ ಎಪ್ಪತ್ತೊಂದು. ಸಾಗರದವಳು. ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದೆ. ಮೂರು ಮಕ್ಕಳು. ಅವಸರ ಬೇಡ ಅಂತ ಹೇಳೋಣ ಅಂತ ಬರೆಯುತ್ತಿದ್ದೇನೆ. ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ. ಅವರ ಮೊದಲ ಕಾದಂಬರಿ 'ತುಂಗಭದ್ರಾ' ಬಂದದ್ದು 1963ರಲ್ಲಿ. ನೀವೇ ಲೆಕ್ಕ ಹಾಕಿ. 'ಫಣಿಯಮ್ಮ' ಬರುವಾಗ ಅರವತ್ತರ ಹತ್ತಿರ. ಮಕ್ಕಳು ಚಿಕ್ಕವರಾಗಿರುವುದು ಒಂದೇ ಸಲ. ಬರವಣಿಗೆ ಎಲ್ಲಿಗೂ ಓಡಿಹೋಗುವುದಿಲ್ಲ.

ಕಾಡುಸಂಪಿಗೆ · ಬುಧವಾರ, ಬೆಳಿಗ್ಗೆ 10:15

ಅಮ್ಮ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ನೀವು ಹೇಳಿದ ಅದೇ 1963ರಲ್ಲಿ ತ್ರಿವೇಣಿ ಹೋಗಿಬಿಟ್ಟರು. ಮಗಳು ಹುಟ್ಟಿ ಕೆಲವೇ ದಿನಕ್ಕೆ. ವಯಸ್ಸು 34. ಅಷ್ಟರಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದಾಗಿತ್ತು, ಸುಮಾರು ಹತ್ತು ವರ್ಷದಲ್ಲಿ. ಹೆರಿಗೆ ಆದಮೇಲೆ ಮನಸ್ಸು ಕದಡಿಹೋಗುವ ಹೆಂಗಸಿನ ಕತೆಯನ್ನು 'ಶರಪಂಜರ'ದಲ್ಲಿ ಬರೆದಿಟ್ಟು ಹೋದರು. ಇಂದಿರಾ ಅವರು ಶುರು ಮಾಡಿದ ವಯಸ್ಸು ಕೂಡ ಅವರಿಗೆ ಸಿಗಲಿಲ್ಲ.

ಆಮೇಲೆ ಬರೆಯೋಣ ಅನ್ನುವಾಗ ನನಗೆ ಯಾವಾಗಲೂ ಇದು ನೆನಪಾಗುತ್ತದೆ. ಹೆದರಿಸುವುದಕ್ಕೆ ಹೇಳಲಿಲ್ಲ. ಆದರೆ "ಒಂದೇ ಸಲ" ಅನ್ನುವುದು ಮಕ್ಕಳಿಗೆ ಮಾತ್ರ ಅಲ್ಲ, ಅಲ್ವಾ?

ಇನ್ನೊಂದು. ಸರ್ಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನಕ್ಕೆ 35 ವರ್ಷದ ಮಿತಿ ಇರುತ್ತದೆ. ಹೆಂಗಸರಿಗೆ ಮಕ್ಕಳು ಸೊಂಟದಲ್ಲಿರುವ ವಯಸ್ಸು ಅದೇ. ಇಂದಿರಾ ಅವರು ಈಗ ಇದ್ದಿದ್ದರೆ ಅರ್ಜಿಯನ್ನೇ ಹಾಕುವ ಹಾಗಿರಲಿಲ್ಲ.

ಎರಡುಜಡೆ · ಬುಧವಾರ, ಬೆಳಿಗ್ಗೆ 10:22

ಬೆಳಬೆಳಿಗ್ಗೆ ಎದೆ ಧಸಕ್ ಅಂತು.

ಹಾಲಿನಲೆಕ್ಕ · ಬುಧವಾರ, ರಾತ್ರಿ 8:50

ಕಾಡುಸಂಪಿಗೆ, ನಿನ್ನ ಮಾತು ಓದಿ ಇಡೀ ದಿನ ಸುಮ್ನೆ ಕೂತಿದ್ದೆ. ಬೆಳಿಗ್ಗೆ ನಾನು ಅರ್ಧ ಮಾತ್ರ ಹೇಳಿದೆ. ಉಳಿದರ್ಧ ಈಗ ಹೇಳುತ್ತೇನೆ.

ನಾನು ಕಾದೆ. ಮೂರನೆಯವನು ಹೈಸ್ಕೂಲಿಗೆ ಹೋದಮೇಲೆ ಕೂತೆ. ಮೇಜು ಇತ್ತು, ಪೆನ್ನು ಇತ್ತು, ಮಧ್ಯಾಹ್ನ ಪೂರ್ತಿ ನನ್ನದೇ. ಕೈ ಓಡಲಿಲ್ಲ. ಒಂದು ವರ್ಷ ಬರೆದದ್ದನ್ನೆಲ್ಲ ಬಚ್ಚಲು ಒಲೆಗೆ ಹಾಕಿದೆ.

ಆಮೇಲೆ ಅಟ್ಟ ಗುಡಿಸುವಾಗ ಹಾಲಿನ ಲೆಕ್ಕದ ಪುಸ್ತಕಗಳ ಕಟ್ಟು ಸಿಕ್ಕಿತು. 1984ರದ್ದು. ಒಂದು ಪುಟದಲ್ಲಿ "14ನೇ ತಾರೀಖು, ಒಂದೂವರೆ ಲೀಟರ್, ಸಂಜೆ ಬರಲಿಲ್ಲ" ಅಂತ ಇದೆ. ಅದರ ಪಕ್ಕ, ಅಂಚಿನಲ್ಲಿ, ಪೆನ್ಸಿಲ್‌ನಲ್ಲಿ: "ಅವಳು ಸೆರಗು ಕೊಡವಿದಳು. ಅಡಿಕೆ ಚೂರು ಉದುರಿತು. ಅತ್ತೆ ನೋಡಿದರು, ಮಾತಾಡಲಿಲ್ಲ." ನಾನೇ ಬರೆದದ್ದು. ಯಾವಾಗ ಬರೆದೆನೋ, ಯಾರ ಬಗ್ಗೆ ಬರೆದೆನೋ ನೆನಪಿಲ್ಲ. ಹಾಲು ಕಾಯಲಿಕ್ಕೆ ಇಟ್ಟು, ಉಕ್ಕುವುದರೊಳಗೆ ಬರೆದಿರಬೇಕು. ಹುಡುಕಿದರೆ ಆ ಐದಾರು ಪುಸ್ತಕದಲ್ಲಿ ಇಂಥವು ಇನ್ನೂ ನಲವತ್ತು ಸಿಕ್ಕವು. ನಾನು ಮುಂದೆ ಬರೆದ ಒಂಬತ್ತು ಕತೆಯೂ ಅವುಗಳಿಂದ ಎದ್ದು ಬಂದದ್ದೇ. ಮೇಜಿನ ಮುಂದೆ ಕೂತು ಹೊಸದಾಗಿ ಹೊಳೆದದ್ದು ಒಂದೂ ಇಲ್ಲ.

ಹಾಗಾಗಿ ಬೆಳಿಗ್ಗೆಯ ಮಾತು ವಾಪಸ್ ತಗೊಂಡೆ. ಕತೆ ಬರೆಯಬೇಡ ಮಗಳೇ. ಒಂದು ಸಾಲು ಬರೆ. ಹಾಲು ಉಕ್ಕುವುದರೊಳಗೆ ಆಗುವಷ್ಟು.

ಮೂಡುಗಾಳಿ · ಗುರುವಾರ, ಬೆಳಗಿನ ಜಾವ 3:35

ನ್ಯೂಜೆರ್ಸಿಯಿಂದ. ನಮಗೆ ಇನ್ನೂ ಬುಧವಾರ ಸಂಜೆ.

ಇಲ್ಲಿ ಬಾಣಂತನಕ್ಕೆ ಅಮ್ಮ ಬಂದು ವೀಸಾದ ಆರು ತಿಂಗಳು ಇದ್ದರು. ಅವರು ಹೋದ ಮೇಲೆ ಅತ್ತೆ ಬಂದರು. ಆ ಒಂದು ವರ್ಷ ನಾನು ಬರೆದಷ್ಟು ಯಾವಾಗಲೂ ಬರೆದಿಲ್ಲ. ಟೈಮ್ ಸಿಕ್ಕಿದ್ದು ಸರಿ, ಅದಕ್ಕಿಂತ ಮನೆಯಲ್ಲಿ ಕನ್ನಡ ಇತ್ತು. ಅಮ್ಮ ಫೋನಿನಲ್ಲಿ ಚಿಕ್ಕಮ್ಮನ ಹತ್ತಿರ ಜಗಳ ಆಡುವುದು ಕೇಳಿಸುತ್ತಿತ್ತು. ಅತ್ತೆ ಬಂದಮೇಲೆ ಗುಲ್ಬರ್ಗ ಕಡೆಯ ಮಾತು. ನನ್ನ ಪಾತ್ರಗಳಿಗೆ ಬಾಯಿ ಬಂದಿತ್ತು.

ಈಗ ಇಡೀ ದಿನ ಕೇಳುವುದು ಇಂಗ್ಲಿಷ್. ಮಗ ಡೇಕೇರ್‌ನಿಂದ ಬಂದು ಇಂಗ್ಲಿಷ್‌ನಲ್ಲೇ ಕೇಳುತ್ತಾನೆ, ನಾನು ಕನ್ನಡದಲ್ಲಿ ಹೇಳುತ್ತೇನೆ. ಅಡಿಗೆಮನೆಯಲ್ಲಿ ಇಬ್ಬರು ಬೇರೆ ಬೇರೆ ಸಿನಿಮಾ ಡಬ್ಬಿಂಗ್ ಮಾಡುತ್ತಿದ್ದ ಹಾಗಿರುತ್ತದೆ. ರಾತ್ರಿ ಬರೆಯಲು ಕೂತರೆ ನನ್ನ ಪಾತ್ರಗಳು ವಾರ್ತೆ ಓದುವವರ ಹಾಗೆ ಮಾತಾಡುತ್ತವೆ.

ಊರಿಂದ ಬರುವಾಗ ಅನುಪಮಾ ನಿರಂಜನ ಅವರ 'ದಿನಕ್ಕೊಂದು ಕಥೆ' ಸಂಪುಟಗಳನ್ನು ಸೂಟ್‌ಕೇಸ್‌ನಲ್ಲಿ ತುಂಬಿಕೊಂಡು ಬಂದಿದ್ದೆ. ಅದಕ್ಕೋಸ್ಕರ ಎರಡು ಕೆಜಿ ಹುರಿಗಾಳು ಬಿಟ್ಟು ಬಂದೆ ಅಂತ ಅಮ್ಮನಿಗೆ ಇನ್ನೂ ಬೇಜಾರು. ದಿನಾ ಒಂದು ಓದುತ್ತೇನೆ. ಮುಗಿದಮೇಲೆ ಒಂದು ನಾನೇ ಕಟ್ಟಿ ಹೇಳಬೇಕು. ಒಂದು ಕಪ್ಪೆಯ ಕತೆ ಎರಡು ತಿಂಗಳಿಂದ ನಡೆಯುತ್ತಿದೆ. ನಿನ್ನೆ ಕಪ್ಪೆ ಬಾವಿಗೆ ಬಿತ್ತು ಅಂದೆ. "ಅಮ್ಮಾ, ಅದಕ್ಕೆ ಈಜು ಬರುತ್ತೆ ಅಂದಿದ್ದೆ" ಅಂತ ಕನ್ನಡದಲ್ಲೇ ಅಂದ. ತಪ್ಪು ಹಿಡಿಯುವಾಗ ಮಾತ್ರ ಕನ್ನಡ ಬರುತ್ತದೆ ಸಾಹೇಬರಿಗೆ. ಆ ಕತೆಯನ್ನು ಬರೆದಿಡುತ್ತಿದ್ದೇನೆ. ದೊಡ್ಡವರ ಕತೆ ಇಲ್ಲ, ಇದಾದರೂ ಇರಲಿ.

ನೀಲಿಬಾಟಲಿ · ಗುರುವಾರ, ಮಧ್ಯಾಹ್ನ 1:45

ನಾನು ವಾಯ್ಸ್ ಟೈಪಿಂಗ್ ಮಾಡುತ್ತೇನೆ. ಪಾತ್ರೆ ತೊಳೆಯುತ್ತಾ ಫೋನ್ ಕಿಟಕಿಯಲ್ಲಿಟ್ಟು ಹೇಳುತ್ತಾ ಹೋಗುವುದು. ಕನ್ನಡ ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ನಮ್ಮ ಮನೆಯ ಎಲ್ಲರನ್ನೂ ಹಿಡಿಯುತ್ತದೆ. ಮೊನ್ನೆಯ ಸ್ಯಾಂಪಲ್, ಇದ್ದ ಹಾಗೇ ಹಾಕುತ್ತಿದ್ದೇನೆ:

"ಅವನು ತಿರುಗಿ ನೋಡಲಿಲ್ಲ ಅವಳ ಕಣ್ಣು ತುಂಬಿ ಬಂತು ಅಮ್ಮಾ ಇವಳು ನನ್ನ ಬಸ್ಸು ಕಚ್ತಿದ್ದಾಳೆ ಪೂರ್ಣವಿರಾಮ"

ಧಾರವಾಡದಾಕಿ · ಗುರುವಾರ, ಮಧ್ಯಾಹ್ನ 1:52

ಪೂರ್ಣವಿರಾಮ ಹೇಳಿದ್ದು ಯಾರು?

ನೀಲಿಬಾಟಲಿ · ಗುರುವಾರ, ಮಧ್ಯಾಹ್ನ 1:55

ಮಗ. ನಾನು ಹೇಳುವುದು ಕೇಳಿ ಕೇಳಿ ಅವನಿಗೂ ಬಾಯಿಪಾಠ. ಈಗ ಅಜ್ಜಿ ಫೋನ್ ಇಡುವಾಗಲೂ "ಪೂರ್ಣವಿರಾಮ" ಅನ್ನುತ್ತಾನೆ.

ಕಂಚಿನದೀಪ · ಗುರುವಾರ, ರಾತ್ರಿ 10:30

ಎಲ್ಲರೂ ನಗುತ್ತಿದ್ದೀರಿ, ಮಧ್ಯೆ ಬೇರೆ ವಿಷಯ ಎತ್ತುತ್ತೇನೆ. ನಾನು ಹೆರಿಗೆ ವಾರ್ಡಿನಲ್ಲಿ ಹನ್ನೊಂದು ವರ್ಷ ನರ್ಸ್. "ಬರೆಯಲಿಕ್ಕೆ ಆಗುತ್ತಿಲ್ಲ" ಅನ್ನುವುದು ಕೆಲವೊಮ್ಮೆ ಟೈಮ್‌ನ ವಿಷಯ ಅಲ್ಲ. ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡ ಅನ್ನಿಸುವುದು, ಮಗು ಮಲಗಿದ್ದರೂ ನಿದ್ದೆ ಬಾರದಿರುವುದು, ಕಾರಣ ಇಲ್ಲದ ಅಳು, ನಾನು ಕೆಟ್ಟ ತಾಯಿ ಅನ್ನುವ ಯೋಚನೆ. ಇವು ಎರಡು ವಾರಕ್ಕಿಂತ ಜಾಸ್ತಿ ಇದ್ದರೆ ಡಾಕ್ಟರ್ ಹತ್ತಿರ ಹೋಗಬೇಕು. ಹೆರಿಗೆಯಾದ ವಾರದಲ್ಲೇ ಬರಬೇಕು ಅಂತ ಇಲ್ಲ, ತಿಂಗಳುಗಟ್ಟಲೆ ಆದಮೇಲೂ ಬರಬಹುದು.

ಇಂಟರ್‌ನ್ಯಾಷನಲ್ ಬೂಕರ್ ಬಂದಮೇಲೆ ಬಾನು ಮುಷ್ತಾಕ್ ಅವರ ಪುಸ್ತಕ ಎಲ್ಲರ ಮನೆಯಲ್ಲೂ ಕಾಣಿಸುತ್ತದೆ. 29ರಲ್ಲಿ ತಾಯಿಯಾದಾಗ ತಾವು ಹೆರಿಗೆ ನಂತರದ ಖಿನ್ನತೆ ಅನುಭವಿಸಿದ್ದನ್ನು ಅವರೇ ಹೇಳಿದ್ದಾರೆ. ಅಂಥವರೇ ಬಾಯಿಬಿಟ್ಟು ಹೇಳಿದ್ದಾರೆ, ನಮಗೇಕೆ ನಾಚಿಕೆ? ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿಮನಸ್ ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ. ತೀರಾ ಜಾಸ್ತಿಯಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೇ ಇಟ್ಟುಕೊಂಡು ನೋಡುವ ವಾರ್ಡ್ ಇದೆ. ಮಗುವನ್ನು ಬಿಟ್ಟು ಹೋಗಬೇಕಲ್ಲ ಅಂತ ಹಿಂದೇಟು ಹಾಕಬೇಡಿ.

ಅರ್ಧಕತೆ, ನಿಮಗೆ ಹೀಗಿದೆ ಅಂತ ಅಲ್ಲ. ಓದುವವರಲ್ಲಿ ಯಾರಿಗಾದರೂ ಇರಬಹುದು.

ಅರ್ಧಕತೆ · ಗುರುವಾರ, ರಾತ್ರಿ 11:20

ಕಂಚಿನದೀಪ ಅಕ್ಕ, ಥ್ಯಾಂಕ್ಸ್. ಮೊದಲನೆಯ ಹೆರಿಗೆ ಆದಮೇಲೆ ನನಗೆ ಹೀಗೇ ಇತ್ತು ಅಂತ ಈಗ ಅನ್ನಿಸುತ್ತಿದೆ. ಆಗ ಯಾರೂ ಹೆಸರು ಹೇಳಲಿಲ್ಲ. "ಬಾಣಂತಿ ಮೈಲಿ ಶಕ್ತಿ ಇರಲ್ಲ" ಅಂತ ಎರಡು ಡಬ್ಬ ಅಂಟಿನುಂಡೆ ಜಾಸ್ತಿ ಕೊಟ್ಟರು. ಈ ಸಲ ಹಾಗಿಲ್ಲ. ಈ ಸಲ ಬರೀ ಗುಜರಿಯವನ ಕಾಟ.

ಹುಣಸೆಬೀಜ · ಶುಕ್ರವಾರ, ಮಧ್ಯಾಹ್ನ 12:05

ಇನ್ನೊಂದು ಎಚ್ಚರಿಕೆ ನನ್ನ ಕಡೆಯಿಂದ. ಬರೆಯಲು ಬೇರೇನೂ ಇಲ್ಲದಿದ್ದಾಗ ನಾನು ಮಗನ ಬಗ್ಗೆಯೇ ಬರೆದೆ. ಒಂದು ಕಡೆ ಅಂಕಣ ಬರುತ್ತಿತ್ತು. ಜನ ತುಂಬಾ ಇಷ್ಟಪಟ್ಟರು. ಅವನು ಐದು ವರ್ಷದವರೆಗೂ ಹಾಸಿಗೆ ಒದ್ದೆ ಮಾಡುತ್ತಿದ್ದದ್ದು, ಅದನ್ನು ಮುಚ್ಚಲು ಮಳೆ ಸೋರಿತು ಅಂತ ಕತೆ ಕಟ್ಟಿದ್ದು, ಎಲ್ಲ ಬರೆದೆ. ಮುದ್ದಾದ ಬರಹ, ನಾನೇ ಹೇಳಬೇಕು.

ಈಗ ಅವನಿಗೆ ಹನ್ನೊಂದು. ಹೋದ ತಿಂಗಳು ಕ್ಲಾಸಿನವನೊಬ್ಬ ಅದನ್ನು ಎಲ್ಲೋ ಹುಡುಕಿ ಓದಿದ. ವಾರ ಪೂರ್ತಿ ಇವನನ್ನು "ಮಳೆರಾಯ" ಅಂತ ಕರೆದರು. ಮಗ ಅಳಲಿಲ್ಲ. ಊಟಕ್ಕೆ ಕೂತಾಗ "ನನ್ನನ್ನ ಕೇಳಿದ್ಯಾ?" ಅಂದ. ಅಷ್ಟೇ.

ಈಗ ಅವನ ವಿಷಯ ಬರೆದರೆ ಮೊದಲು ಅವನಿಗೆ ಓದಿ ಹೇಳುತ್ತೇನೆ. ಹತ್ತರಲ್ಲಿ ಎಂಟು ಬೇಡ ಅನ್ನುತ್ತಾನೆ. ಆ ಎಂಟರಲ್ಲೇ ಚೆನ್ನಾಗಿರುವುದೆಲ್ಲ ಇರುತ್ತದೆ, ಏನು ಮಾಡುವುದು.

ಬೆಳ್ಳಿಚುಕ್ಕಿ · ಶುಕ್ರವಾರ, ರಾತ್ರಿ 10:45

ಮಂಗಳವಾರದಿಂದ ತಲೆಯಲ್ಲಿ ಒಂದೇ ಕೊರೆಯುತ್ತಿತ್ತು. ನನ್ನ ಪುಸ್ತಕ ತೆಗೆದು ಅರಿಕೆಯ ಪುಟ ಓದಿದೆ. "ಮನೆಯ ಹೊರೆಯನ್ನೆಲ್ಲ ತಾನೇ ಹೊತ್ತು ನನ್ನ ಬರವಣಿಗೆಗೆ ಅನುವು ಮಾಡಿಕೊಟ್ಟ ಬಾಳಸಂಗಾತಿಗೆ" ಅಂತ ಇದೆ. ಬರೆಯುವಾಗ ದೊಡ್ಡ ಮನಸ್ಸಿನ ಸಾಲು ಅನ್ನಿಸಿತ್ತು. ಈಗ ಓದಿದರೆ ತಪ್ಪೊಪ್ಪಿಗೆ ಪತ್ರದ ಹಾಗಿದೆ. ಕಪಾಟಿನಲ್ಲಿದ್ದ ಬೇರೆ ಗಂಡಸರ ಪುಸ್ತಕಗಳನ್ನೂ ತೆಗೆದು ನೋಡಿದೆ. ಆರರಲ್ಲಿ ನಾಲ್ಕರಲ್ಲಿ ಹೆಚ್ಚುಕಡಿಮೆ ಇದೇ ಸಾಲು. ಒಂದರಲ್ಲಿ ಕಾಫಿಗೂ ಥ್ಯಾಂಕ್ಸ್ ಹೇಳಿದ್ದಾರೆ.

ಕಾಲೇಜಿನಲ್ಲಿ ನನ್ನ ಹೆಂಡತಿ ಹನಿಗವನ ಬರೆಯುತ್ತಿದ್ದಳು. ಈಗ ಯಾಕೆ ಬರೆಯುವುದಿಲ್ಲ ಅಂತ ಕೇಳಿದೆ. ನನ್ನ ಮುಖ ನೋಡಿ "ಇವತ್ತು ಯಾಕೆ ಕೇಳ್ತಿದೀರಾ? ಗ್ಯಾಸ್ ಬುಕ್ ಮಾಡೋಕೆ ಮರೆತ್ರಾ?" ಅಂದಳು.

ಮರೆತಿದ್ದೆ.

ಜಂಕ್ಷನ್ · ಶನಿವಾರ, ಬೆಳಿಗ್ಗೆ 7:30

ನಾನು ಬರಹಗಾರ ಅಲ್ಲ, ಸುಮ್ನೆ ಓದುತ್ತಿರುತ್ತೇನೆ. ನಮ್ಮೂರು ಅರಸೀಕೆರೆ, ಅದಕ್ಕೆ ಕೇಳುತ್ತಿದ್ದೇನೆ. ಮೇಡಂ, ಆ ಅಜ್ಜ ಹೋಗಬೇಕಾದ್ದು ಎಲ್ಲಿಗೆ? ಹುಬ್ಬಳ್ಳಿ ಕಡೆಗಾ, ಬೆಂಗಳೂರಿಗಾ, ಹಾಸನದ ಮೇಲೆ ಮೈಸೂರಿಗಾ? ನಮ್ಮದು ಜಂಕ್ಷನ್. ಎಲ್ಲಿಗೆ ಅಂತ ಗೊತ್ತಿಲ್ಲದೆ ಕೂತರೆ ಕಣ್ಣೆದುರೇ ರೈಲು ಬಂದು ಹೋಗುತ್ತಿರುತ್ತವೆ.

ಅರ್ಧಕತೆ · ಶನಿವಾರ, ಬೆಳಿಗ್ಗೆ 8:02

ಅಯ್ಯೋ.

ಗೊತ್ತಿಲ್ಲ ಸರ್. ಮೂರು ವರ್ಷದಿಂದ ಕೂರಿಸಿದ್ದೇನೆ, ಎಲ್ಲಿಗೆ ಅಂತ ನಾನು ಕೇಳಲೇ ಇಲ್ಲ. ಪ್ಲಾಟ್‌ಫಾರ್ಮ್, ಟೀ ಲೋಟ, ಅವನ ಕಾಲಿನ ಬಿರುಕು, ಎಲ್ಲ ಬರೆದಿದ್ದೇನೆ. ಟಿಕೆಟ್ ಬರೆದಿಲ್ಲ.

ಎರಡುಜಡೆ · ಶನಿವಾರ, ಬೆಳಿಗ್ಗೆ 8:10

ಅಂದರೆ ತಪ್ಪು ಗುಜರಿಯವನದ್ದಲ್ಲ!

ಕಾಡುಸಂಪಿಗೆ · ಶನಿವಾರ, ಬೆಳಿಗ್ಗೆ 9:25

ಅಷ್ಟು ಸುಲಭವಾಗಿ ಬಿಡಬೇಡಿ. ನೆಟ್ಟಗೆ ಎರಡು ಗಂಟೆ ಸಿಕ್ಕಿದ್ದರೆ ಈ ಪ್ರಶ್ನೆ ಅವರಿಗೇ ಹೊಳೆಯುತ್ತಿತ್ತು. ತುಂಡು ತುಂಡು ಹೊತ್ತಿನಲ್ಲಿ ಕಾಲಿನ ಬಿರುಕು ಬರೆಯಬಹುದು. ಎಲ್ಲಿಗೆ ಅನ್ನುವುದಕ್ಕೆ ಉದ್ದ ಹೊತ್ತು ಬೇಕು. ಅರ್ಧಕತೆ, "ಯಾರು ಬೇಡ ಅಂದ್ರು" ಅನ್ನುವ ಯಜಮಾನರಿಗೆ ದಿನ, ಗಂಟೆ ಬರೆದುಕೊಡಿ. ನೀವು ಮನೆಯಲ್ಲಿ ಇರಬೇಡಿ. ಮನೆಯಲ್ಲಿದ್ದರೆ ಬಾಗಿಲು ಹಾಕಿಕೊಂಡರೂ ಅಮ್ಮ ಅಮ್ಮನೇ.

ಅರ್ಧಕತೆ · ಎರಡು ವಾರದ ನಂತರ, ಭಾನುವಾರ, ಮಧ್ಯಾಹ್ನ 12:40

ವರದಿ ಒಪ್ಪಿಸುತ್ತಿದ್ದೇನೆ.

ಭಾನುವಾರ ಹತ್ತರಿಂದ ಹನ್ನೆರಡು ಅಂತ ಗೋಡೆ ಕ್ಯಾಲೆಂಡರ್‌ನಲ್ಲಿ, ಏಕಾದಶಿ ಪಕ್ಕ, ಕೆಂಪು ಪೆನ್ನಿನಲ್ಲಿ ಬರೆದೆ. ಮೊದಲ ಭಾನುವಾರ ಅವರು ಇಬ್ಬರನ್ನೂ ಪಾರ್ಕಿಗೆ ಕರೆದುಕೊಂಡು ಹೋದರು. ನಾನು ಮನೆಯಲ್ಲೇ ಉಳಿದೆ. ತಪ್ಪು. ಅಡಿಗೆ ಕಟ್ಟೆ ಒರೆಸಿದೆ. ಬಟ್ಟೆ ಮಡಚಿದೆ. ನಾಲ್ಕು ಸಲ ಫೋನ್ ಬಂತು. ಒದ್ದೆ ಟಿಶ್ಯೂ ಬ್ಯಾಗಿನ ಯಾವ ಜಿಪ್‌ನಲ್ಲಿದೆ ಅಂತ ಎರಡು ಸಲ.

ಇವತ್ತು ಕಾಡುಸಂಪಿಗೆ ಹೇಳಿದ ಹಾಗೆ ಹೊರಗೆ ಹೋದೆ. ನಮ್ಮ ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೆ. ಒಂದು ಕಡೆ ಪೇಪರ್ ಓದುವ ಅಜ್ಜಂದಿರು. ಇನ್ನೊಂದು ಕಡೆ ಪೊಲೀಸ್ ಪರೀಕ್ಷೆಗೆ ಓದುವ ಹುಡುಗರು. ಹೆಂಗಸು ನಾನೊಬ್ಬಳೇ. ಫ್ಯಾನ್ ಕಿರ್ ಕಿರ್ ಅನ್ನುತ್ತಿತ್ತು. ಮೊದಲ ಅರ್ಧ ಗಂಟೆ ಸುಮ್ನೆ ಕೂತೆ, ಎದೆಯಲ್ಲಿ ಹಾಲು ಬಿಗಿದು ಕುತ್ತಿಗೆವರೆಗೆ ನೋಯುತ್ತಿತ್ತು. ಆಮೇಲೆ ಎದುರಿನ ಬೆಂಚಿನ ಅಜ್ಜ ಪೇಪರ್ ಮಡಚಿಟ್ಟು, ಚೀಲದ ಬಾಯಿ ಬಿಚ್ಚಿ, ಒಳಗೆ ನೋಡಿ, ಮತ್ತೆ ಕಟ್ಟಿದ. ಏನಿತ್ತೋ.

ಜಂಕ್ಷನ್ ಸರ್, ನನ್ನ ಅಜ್ಜ ಹೋಗುತ್ತಿರುವುದು ಹಾಸನಕ್ಕೆ. ಮಗಳ ಬಾಣಂತನಕ್ಕೆ. ಚೀಲದಲ್ಲಿ ಕೊಬ್ಬರಿ ಇದೆ. ಹೆಂಡತಿ ಇದ್ದಿದ್ದರೆ ಅವಳು ಹೋಗುತ್ತಿದ್ದಳು. ಗಂಡಸು ಬಾಣಂತನಕ್ಕೆ ಹೋಗಿ ಏನು ಮಾಡುವುದು ಅಂತ ಅವನಿಗೆ ಗೊತ್ತಿಲ್ಲ. ಅದಕ್ಕೇ ಬಂದ ರೈಲನ್ನೆಲ್ಲ ಬಿಡುತ್ತಾ ಕೂತಿದ್ದಾನೆ.

ಒಂದೂವರೆ ಪುಟ ಆಯಿತು.

ಧಾರವಾಡದಾಕಿ · ಭಾನುವಾರ, ಮಧ್ಯಾಹ್ನ 12:51

ಮೈ ಜುಮ್ಮೆಂದಿತು ರೀ. ಕಳಿಸಿ, ಕಳಿಸಿ. ಇಲ್ಲೇ ನಾಲ್ಕು ಜನ ಓದಿ ಹೇಳುತ್ತೇವೆ.

ಜಂಕ್ಷನ್ · ಭಾನುವಾರ, ಮಧ್ಯಾಹ್ನ 1:15

ಕೊಬ್ಬರಿ ಅಂದಮೇಲೆ ತಿಪಟೂರಿನದ್ದು ಅಂತ ಮಾತ್ರ ಬರೆಯಬೇಡಿ ಮೇಡಂ. ನಮ್ಮಲ್ಲೂ ಬೆಳೆಯುತ್ತೇವೆ.

ಬೆಳ್ಳಿಚುಕ್ಕಿ · ಭಾನುವಾರ, ಮಧ್ಯಾಹ್ನ 2:30

ನಮ್ಮ ಮನೆಯ ಕ್ಯಾಲೆಂಡರ್‌ನಲ್ಲೂ ಒಂದು ಗುರುತು ಬಿದ್ದಿದೆ. ಶನಿವಾರ, ನಾಲ್ಕರಿಂದ ಆರು. ಅವಳು ಮೊದಲ ವಾರ ಬರೆಯಲಿಲ್ಲ. ಗೆಳತಿಯ ಜೊತೆ ಗೋಲ್‌ಗಪ್ಪ ತಿಂದು ಬಂದಳು. ನಾನು ಏನೂ ಕೇಳಲಿಲ್ಲ.

ಹಾಲಿನಲೆಕ್ಕ · ಭಾನುವಾರ, ಸಂಜೆ 5:40

ಮಗಳೇ, ಮುಗಿದಮೇಲೆ ನನಗೂ ಕಳಿಸು. ಫೋನಿನಲ್ಲಿ ಬೇಡ, ಕಣ್ಣು ಹಿಡಿಯುವುದಿಲ್ಲ. ಪ್ರಿಂಟ್ ತೆಗೆಸಿ ಪೋಸ್ಟ್ ಮಾಡು, ಅಕ್ಷರ ಸ್ವಲ್ಪ ದೊಡ್ಡದು ಮಾಡಿಸು. ಅಂಚಿನಲ್ಲಿ ಜಾಗ ಬಿಡು, ನಾನು ಪೆನ್ಸಿಲ್ ಇಟ್ಟುಕೊಂಡು ಓದುವವಳು.